ನಾಲ್ಕು ಇಪ್ಪತ್ತಕ್ಕೆ ಏರಿದ ಗೆರೆ

ಡಾಕ್ಟರು ಕೋಣೆಯೊಳಕ್ಕೆ ಬಂದವರೇ ಕುರ್ಚಿ ಎಳೆದುಕೊಂಡು ಕುಳಿತರು. ಅವರು ಬಾಯಿ ತೆರೆಯುವ ಮೊದಲೇ ನನಗೆ ವಿಷಯ ತಿಳಿದುಹೋಯಿತು. ನಾನು ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳು. ಒಳ್ಳೆಯ ಸುದ್ದಿಯನ್ನು ಡಾಕ್ಟರುಗಳು ಬಾಗಿಲಲ್ಲಿ ನಿಂತೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಕುಳಿತು ಹೇಳಬೇಕಾದ ಸುದ್ದಿ ಒಂದೇ.

ಬೆಳಗಿನ ಎಂಟು ಗಂಟೆಯಾಗಿತ್ತು. ಮೊಮ್ಮಗಳು ಹುಟ್ಟಿ ಒಂಬತ್ತನೆಯ ದಿನ. ಹಿಂದಿನ ದಿನವಷ್ಟೇ ಅವಳ ಹೃದಯದ ಆಪರೇಷನ್ ಆಗಿತ್ತು.

"ಏಳು ಗಂಟೆಗೆ ಹೃದಯ ನಿಂತುಹೋಯ್ತು," ಎಂದರು ಡಾಕ್ಟರು. ಮಕ್ಕಳ ಹೃದಯವನ್ನೇ ನೋಡುವ ನಡುವಯಸ್ಸಿನ ಹೆಂಗಸು ಅವರು. "ನಲವತ್ತು ನಿಮಿಷ ಪ್ರಯತ್ನ ಪಟ್ವಿ. ಮತ್ತೆ ಶುರುವಾಗ್ಲಿಲ್ಲ. ಮಗು ತೀರಿಕೊಂಡಿದೆ."

ನನ್ನ ಮಗಳ ಕೈಯಲ್ಲಿ ಆಗತಾನೇ ಹಿಂಡಿ ತುಂಬಿಸಿದ ಹಾಲಿನ ಸಣ್ಣ ಬಾಟಲಿಯಿತ್ತು. ಮೂರು ಗಂಟೆಗೊಮ್ಮೆ ಹಾಲು ಹಿಂಡಿ, ಬಾಟಲಿಯ ಮೇಲೆ ಹೊತ್ತು ಬರೆದು ನರ್ಸಿನ ಕೈಗೆ ಕೊಡುವುದು ಅವಳ ಪಾಲಿನ ಕೆಲಸವಾಗಿತ್ತು. ಅವಳು ಡಾಕ್ಟರ ಮುಖ ನೋಡಲಿಲ್ಲ. ಬಾಟಲಿಯನ್ನೇ ನೋಡುತ್ತ, "ಇದನ್ನ ಯಾರ ಕೈಲಿ ಕೊಡ್ಲಿ?" ಎಂದಳು.



ಅಳಿಯ ಗೋಡೆಗೆ ಒರಗಿ ನಿಂತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟು ನಿಂತದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿದವನು. "ಆಪರೇಷನ್ ಚೆನ್ನಾಗಾಯ್ತು ಅಂತ ನಿನ್ನೆ ನೀವೇ ಅಂದ್ರಿ ಮೇಡಂ. ಚೆನ್ನಾಗಾಗಿದ್ರೆ ನಿಲ್ಲೋದು ಹೇಗೆ?" ಎಂದು ಕೇಳಿದ.

"ನಾಲ್ಕು ದಿನದ ಹಿಂದೆ ಸಾಯಂಕಾಲ ಒಮ್ಮೆ ಹದಗೆಟ್ಟಿತ್ತಲ್ಲ, ಅವತ್ತೇ ಮಗು ತುಂಬಾ ಬಳಲಿತ್ತು. ಯಾಕೆ ಹಾಗಾಯ್ತು ಅಂತ ನಮಗೂ ಗೊತ್ತಾಗ್ಲಿಲ್ಲ. ಸೋಂಕು ಇರಬಹುದು ಅಂತ ಹುಡುಕಿದ್ವಿ, ಸಿಗ್ಲಿಲ್ಲ."

ಡಾಕ್ಟರು ಎದ್ದು ಹೋದ ಮೇಲೆ ಅಳಿಯ ನನ್ನ ಕಡೆ ತಿರುಗಿದ. "ಅತ್ತೆ, ಅವತ್ತು ಸಾಯಂಕಾಲ ಒಳಗೆ ಕೂತಿದ್ದವರು ನೀವು. ಏನಾದ್ರೂ ಕಂಡ್ರಾ?"

"ಆ ಬೆಕ್ಕಿನ ಹೆಜ್ಜೆಯ ನರ್ಸನ್ನ ಕೇಳು," ಎಂದೆ ನಾನು. "ಮಗೂಗೆ ಆಕ್ಸಿಜನ್ ತಗ್ಗಿಸ್ತಾ ಇದ್ದವಳು ಅವಳೇ. ಕಣ್ಣಾರೆ ಕಂಡಿದ್ದೀನಿ."

ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದ ಅರ್ಧವನ್ನು ನಾನು ನುಂಗಿಕೊಂಡೆ. ಹಾಗೆ ನುಂಗಿಕೊಂಡದ್ದರಿಂದ ಒಬ್ಬ ನರ್ಸಿನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಅದೇನೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಮಗು ಹುಟ್ಟುವಾಗಲೇ ಹುಬ್ಬು ಗಂಟಿಕ್ಕಿಕೊಂಡು ಹುಟ್ಟಿತು. ಅಳಿಯ ಅದನ್ನು ನೋಡಿ, "ಇದೇನಿದು, ಬಂದ ತಕ್ಷಣ ಕಂಪ್ಲೇಂಟಾ? ದೊರೆಸಾನಿಯವರಿಗೆ ರೂಮು ಹಿಡಿಸಲಿಲ್ವೇನೋ!" ಎಂದು ಎಲ್ಲರನ್ನೂ ನಗಿಸಿದ. ಅಂದಿನಿಂದ ಅವಳು ನಮ್ಮೆಲ್ಲರ ಬಾಯಲ್ಲಿ ದೊರೆಸಾನಿ. ಎರಡನೆಯ ದಿನ ಮಧ್ಯಾಹ್ನ ಮೊಲೆಗೆ ಹಾಕಿದರೆ ದೊರೆಸಾನಿ ಹೀರಲಿಲ್ಲ. ಮೈ ಬೂದಿಬಣ್ಣಕ್ಕೆ ತಿರುಗಿತ್ತು. ಪಕ್ಕೆಗಳು ಒಳಕ್ಕೆ ಹೋಗಿ ಬರುತ್ತಿದ್ದವು. ನಾನೇ ಕೂಗಿ ಡಾಕ್ಟರನ್ನು ಕರೆಸಿದೆ. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ಎದೆಯ ಮೇಲೆ ಯಂತ್ರದ ಹಿಡಿಯನ್ನು ಆಡಿಸಿ ನೋಡಿ, ಹೃದಯದ ಎಡಭಾಗ ಬೆಳೆದೇ ಇಲ್ಲ ಎಂದರು. ಗರ್ಭದಲ್ಲಿರುವಾಗ ಎಲ್ಲ ಮಕ್ಕಳಿಗೂ ಹೃದಯದ ಬಳಿ ಒಂದು ಸಣ್ಣ ದಾರಿ ಇರುತ್ತದಂತೆ, ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದಂತೆ. ನಮ್ಮ ಮಗುವಿನ ಮೈಗೆ ರಕ್ತ ಹೋಗುತ್ತಿದ್ದದ್ದೇ ಆ ದಾರಿಯಲ್ಲಿ. ಅದು ಮುಚ್ಚದಂತೆ ಹಿಡಿದಿಡುವ ಔಷಧವನ್ನು ನರಕ್ಕೆ ಬಿಟ್ಟರು. ಮೂರು ಆಪರೇಷನ್ ಬೇಕು, ಮೊದಲನೆಯದು ಆರನೆಯ ದಿನ ಎಂದು ಗೊತ್ತುಮಾಡಿದರು. ಡಾಕ್ಟರು ಚಿತ್ರ ಬರೆದು ಇದನ್ನೆಲ್ಲ ಬಿಡಿಸಿ ಹೇಳುವಾಗ ನಾನು ಮಗಳ ಬಟ್ಟೆಬರೆ ತರಲು ಮನೆಗೆ ಹೋಗಿದ್ದೆ. ಬಂದ ಮೇಲೆ ಅಳಿಯ ಆ ಕಾಗದವನ್ನು ತೋರಿಸಿ, "ಪಂಪು ಒಂದೇ ಇದೆ ಅತ್ತೆ, ನೀರು ಹೋಗಬೇಕಾದ ಮನೆ ಎರಡಿದೆ. ನಂಗೆ ತಿಳಿದದ್ದು ಇಷ್ಟು," ಎಂದ.

ಮಗುವನ್ನಿಟ್ಟಿದ್ದ ವಾರ್ಡಿನಲ್ಲಿ ಎಂಟು ಹಾಸಿಗೆಗಳು. ಎರಡು ಮಕ್ಕಳಿಗೆ ಒಬ್ಬ ನರ್ಸು. ಮನೆಯವರಲ್ಲಿ ಒಬ್ಬರಿಗೆ ಮಾತ್ರ, ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ನಾಲ್ಕರಿಂದ ಐದರವರೆಗೆ ಒಂದು ಗಂಟೆ ಒಳಗೆ ಬಿಡುತ್ತಿದ್ದರು. ಬೆಳಗಿನದು ಮಗಳಿಗೆ, ಸಾಯಂಕಾಲದ್ದು ನನಗೆ ಎಂದು ಹಂಚಿಕೊಂಡೆವು.

ನಮ್ಮ ಮಗುವನ್ನು ನೋಡಿಕೊಳ್ಳುತ್ತಿದ್ದ ನರ್ಸಿಗೆ ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಮೆತ್ತನೆಯ ರಬ್ಬರಿನ ಚಪ್ಪಲಿ, ಪಿಸುಮಾತು. ಬಂದದ್ದು ತಿಳಿಯುತ್ತಿರಲಿಲ್ಲ, ತಿರುಗಿ ನೋಡಿದರೆ ಹೆಗಲ ಹಿಂದೆ ನಿಂತಿರುತ್ತಿದ್ದಳು. ಅದಕ್ಕೇ ನಾನು ಅವಳಿಗೆ ಬೆಕ್ಕಿನ ಹೆಜ್ಜೆಯವಳು ಎಂದು ಹೆಸರಿಟ್ಟೆ. ಮೊದಲ ದಿನದಿಂದಲೂ ಅವಳ ಮೇಲೆ ನನಗೆ ಏನೋ ಒಂದು ಅನುಮಾನ.

ಮಗುವಿನ ಮೂಗಿಗೆ ಸಣ್ಣ ನಳಿಕೆ ಹಾಕಿದ್ದರು. ಅದಕ್ಕೆ ಗಾಳಿ ಬರುವ ಕಡೆ ಗೋಡೆಯಲ್ಲೊಂದು ತಿರುಪು. ತಿರುಪಿನ ಸುತ್ತ ಇಪ್ಪತ್ತೊಂದರಿಂದ ನೂರರವರೆಗೆ ಅಂಕಿಗಳು. ಮೊದಲ ಸಾಯಂಕಾಲ ನಾನು ನೋಡುತ್ತಿದ್ದಂತೆಯೇ ಅವಳು ಬಂದು, ಮೂವತ್ತರಲ್ಲಿದ್ದದ್ದನ್ನು ಇಪ್ಪತ್ತೊಂದಕ್ಕೆ ಇಳಿಸಿದಳು. ಇಪ್ಪತ್ತೊಂದು ಎಂದರೇನೆಂದು ನನಗೆ ಗೊತ್ತು. ಕಿಟಕಿ ತೆಗೆದರೆ ಬರುವ ಬರೀ ಗಾಳಿ ಅದು.

"ಯಾಕಮ್ಮಾ ತಗ್ಗಿಸಿದೆ?" ಎಂದೆ.

"ಇವಳಿಗೆ ಇಷ್ಟು ಸಾಕು ಅಜ್ಜಿ."

"ತುಟಿ ನೋಡು, ನೇರಳೆಯಾಗಿದೆ."

"ಯಂತ್ರದಲ್ಲಿ ರಕ್ತದ ಆಕ್ಸಿಜನ್ ಎಪ್ಪತ್ತೈದರಿಂದ ಎಂಬತ್ತೈದರೊಳಗೆ ಇರಬೇಕು ಇವಳಿಗೆ. ಜಾಸ್ತಿ ಆದ್ರೆ ಒಳ್ಳೇದಲ್ಲ. ಡಾಕ್ಟರೇ ಬರೆದಿದ್ದಾರೆ."

"ಉಸಿರು ಜಾಸ್ತಿಯಾಗಿ ಕೆಟ್ಟವರನ್ನ ನಾನು ಕಾಣೆ ಕಣಮ್ಮ. ಮೂವತ್ತೊಂದು ವರ್ಷ ನಾನೂ ಇದೇ ಕೆಲಸದಲ್ಲಿದ್ದವಳು."

"ಡಾಕ್ಟರ್ ಹತ್ರ ಒಂದ್ಸಲ ಮಾತಾಡಿ ಅಜ್ಜಿ," ಎಂದು ಪಿಸುಗುಟ್ಟಿ ಅವಳು ಪಕ್ಕದ ಮಗುವಿನ ಕಡೆ ಹೊರಟುಹೋದಳು.

ಇಷ್ಟು ಸಾಕು ಎಂಬ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಯಿತು. ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಹಿಂದೆ ಆಕ್ಸಿಜನ್ ಸಿಲಿಂಡರ್ ಇದ್ದದ್ದೇ ಎರಡು. ಮೂರು ಮಕ್ಕಳಿಗೆ ಬೇಕಾದ ದಿನ, ಉಳಿಯುವುದಿಲ್ಲವೆಂದು ಡಾಕ್ಟರಿಗೆ ಖಾತ್ರಿಯಾದ ಮಗುವಿನ ತಿರುಪನ್ನು ತಗ್ಗಿಸುತ್ತಿದ್ದರು. ತಾಯಿ ಕೇಳಿದರೆ, "ನಿನ್ನ ಮಗೂಗೆ ಇಷ್ಟು ಸಾಕಮ್ಮ," ಎನ್ನುತ್ತಿದ್ದರು. ಎಷ್ಟೋ ಸಲ ಆ ಮಾತನ್ನು ತಾಯಿಗೆ ಹೇಳಲು ಕಳುಹಿಸುತ್ತಿದ್ದದ್ದು ನನ್ನನ್ನೇ. ಹೇಳಿ ಬಂದು ನಾನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಳಿತು ದೇವರ ಕ್ಷಮೆ ಕೇಳುತ್ತಿದ್ದೆ. ಈಗ ಅದೇ ಮಾತು ನನ್ನ ಮೊಮ್ಮಗಳಿಗೆ ಬಂದಿತ್ತು. ಇವರು ನಮ್ಮ ಮಗುವನ್ನು ಕೈಬಿಟ್ಟಿದ್ದಾರೆ, ಬಾಯಲ್ಲಿ ಮಾತ್ರ ಆಪರೇಷನ್ ಎನ್ನುತ್ತಿದ್ದಾರೆ ಎಂದು ನನಗೆ ಅನ್ನಿಸಿಬಿಟ್ಟಿತು.

ಹೊರಗೆ ಕಾಯುವ ಹಜಾರದಲ್ಲಿ ಪಕ್ಕದ ಹಾಸಿಗೆಯ ಮಗುವಿನ ಅಜ್ಜ ಕುಳಿತಿರುತ್ತಿದ್ದರು. ದರ್ಜಿಯಾಗಿದ್ದವರು, ಮಾತುಗಾರರು. "ನಮ್ಮ ಹುಡುಗನ ಹೃದಯದಲ್ಲಿ ತೂತಂತೆ, ತೇಪೆ ಹಾಕ್ತಾರಂತೆ. ನಾನೇ ಹಾಕಿಬಿಡ್ತಿದ್ದೆ, ಕೈ ನಡುಗಿ ಹೊಲಿಗೆ ಓರೆಯಾಗುತ್ತೆ ಅಂತ ಸುಮ್ನಿದ್ದೀನಿ," ಎಂದು ನಗಿಸುತ್ತಿದ್ದರು.

"ನಿಮ್ಮವನಿಗೆ ಅಂಕಿ ಎಷ್ಟು ತೋರಿಸುತ್ತೆ?" ಎಂದು ಕೇಳಿದೆ.

"ತೊಂಬತ್ತೆಂಟು. ನಿಮ್ಮವಳಿಗೆ?"

"ಎಪ್ಪತ್ತಾರು."

"ಅದೂ ಫಸ್ಟ್ ಕ್ಲಾಸೇ ಅಲ್ವಾ!" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ತಮಾಷೆಗೆ ಅಂದೆ ತಾಯಿ. ನರ್ಸಮ್ಮನ್ನ ಕೇಳೋದಲ್ವಾ?"

"ಕೇಳಿದ್ರೆ ಪಿಸುಪಿಸು ಅಂತಾಳೆ."

"ಹ್ಞೂಂ. ನನ್ನ ಅಂಗಡೀಲೂ ಅಷ್ಟು ಮೆತ್ತಗೆ ಮಾತಾಡೋ ಗಿರಾಕಿಗಳೇ ಆಮೇಲೆ ಅಳತೆ ಸರಿಯಿಲ್ಲ ಅಂತ ಬಟ್ಟೆ ವಾಪಸ್ ತರ್ತಿದ್ದದ್ದು. ಒಂದು ಕಣ್ಣಿಟ್ಟಿರಿ."

ಕಣ್ಣಿಟ್ಟೆ. ಚೀಲದಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಹೋದಾಗಲೆಲ್ಲ ಯಂತ್ರದ ಅಂಕಿ, ತಿರುಪಿನ ಅಂಕಿ, ನರ್ಸು ಎಷ್ಟು ಸಲ ಬಂದಳು, ಏನು ಮಾಡಿದಳು ಎಲ್ಲವನ್ನೂ ಬರೆದಿಟ್ಟೆ. ಅವಳೂ ಡಾಕ್ಟರೂ ಹಾಸಿಗೆಯ ಕಾಲುಗಡೆ ನಿಂತು ಮಾತಾಡುತ್ತಿದ್ದವರು ನಾನು ಬಂದೊಡನೆ ಸುಮ್ಮನಾದದ್ದನ್ನೂ ಬರೆದೆ. ಅವಳು ಮಗುವಿನ ಕಾಗದಗಳನ್ನು ಬೋರಲು ಹಾಕಿ ಇಟ್ಟದ್ದನ್ನೂ ಬರೆದೆ. ಡಾಕ್ಟರನ್ನು ನೇರವಾಗಿ ಕೇಳಬಹುದಿತ್ತು, ಕೇಳಲಿಲ್ಲ. ಆಯಾ ಆದವಳು ಡಾಕ್ಟರನ್ನು ಪ್ರಶ್ನಿಸಿದ್ದು ನನ್ನ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ಅವರು ಹೇಳಿದ್ದನ್ನು ಮಾಡುವುದು, ಹೇಳದ್ದನ್ನು ಕಣ್ಣಿನಿಂದ ತಿಳಿದುಕೊಳ್ಳುವುದು, ನಮಗಿದ್ದ ದಾರಿ ಅದೇ.

ಐದನೆಯ ದಿನ ಸಾಯಂಕಾಲ ನಾನು ಒಳಗೆ ಹೋದಾಗ ಯಂತ್ರ ಎಪ್ಪತ್ತೇಳು ತೋರಿಸುತ್ತಿತ್ತು. ಮರುದಿನ ಆಪರೇಷನ್. ಅದೇ ಹೊತ್ತಿಗೆ ದರ್ಜಿ ಅಜ್ಜನ ಮೊಮ್ಮಗನನ್ನು ಆಪರೇಷನ್ ಮುಗಿಸಿ ತಂದರು. ಒಳಗಿದ್ದವರೆಲ್ಲ ಆ ಹಾಸಿಗೆಯ ಸುತ್ತ ಸೇರಿದರು. ನಡುವೆ ಪರದೆ ಎಳೆದರು. ಬೆಕ್ಕಿನ ಹೆಜ್ಜೆಯವಳೂ ಪರದೆಯ ಆಚೆ ಹೋದಳು.

ನಾನು ದೇವರನ್ನು ನೆನೆದೆ. ತಿರುಪಿಗೆ ಕೈ ಹಾಕಿ ಎಪ್ಪತ್ತಕ್ಕೆ ತಿರುಗಿಸಿದೆ.

ನೋಡುನೋಡುತ್ತಿದ್ದಂತೆ ಯಂತ್ರದ ಅಂಕಿ ಏರಿತು. ಎಂಬತ್ತಾರು, ತೊಂಬತ್ತೊಂದು, ತೊಂಬತ್ತಾರು. ತೊಂಬತ್ತು ದಾಟಿದಾಗ ಯಂತ್ರ ಕೂಗತೊಡಗಿತು. ಗಂಟೆಯ ಚಿತ್ರಕ್ಕೆ ಅಡ್ಡಗೀಟು ಹಾಕಿದ ಗುಂಡಿಯನ್ನು ನರ್ಸುಗಳು ಒತ್ತುವುದನ್ನು ಎಷ್ಟೋ ಸಲ ನೋಡಿದ್ದೆ. ಒತ್ತಿದೆ, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು, ಮತ್ತೆ ಒತ್ತಿದೆ. ದೊರೆಸಾನಿಯ ತುಟಿ ಹೂವಿನ ಹಾಗೆ ಕೆಂಪಾಯಿತು. ನಾನು ಅತ್ತುಬಿಟ್ಟೆ. ನೋಡಿದಿಯಾ ತಂದೆ, ಇವರು ಕೊಡದ ಉಸಿರನ್ನು ನೀನು ನನ್ನ ಕೈಯಿಂದ ಕೊಡಿಸಿದೆ ಎಂದು ದೇವರಿಗೆ ಹೇಳಿದೆ.

ಮಗುವಿನ ಕಾಲು ಮಾತ್ರ ಮಂಜಿನಂತೆ ತಣ್ಣಗಾಗುತ್ತಿತ್ತು. ವಾರ್ಡಿನ ತಂಪಿಗೆ ಹೀಗಾಗಿದೆ ಎಂದುಕೊಂಡು ಅಂಗೈಯಲ್ಲಿ ಉಜ್ಜಿ ಉಣ್ಣೆಯ ಕಾಲುಚೀಲ ಹಾಕಿದೆ. ಐದು ಗಂಟೆಗೆ ಇನ್ನು ಐದು ನಿಮಿಷ ಇದೆ ಎನ್ನುವಾಗ ತಿರುಪನ್ನು ಮತ್ತೆ ಇಪ್ಪತ್ತೊಂದಕ್ಕೆ ತಂದೆ. ಸಿಕ್ಕಿಬಿದ್ದರೆ ನಾಳೆಯಿಂದ ಒಳಗೆ ಬಿಡುವುದಿಲ್ಲ. ಸಿಕ್ಕದಿದ್ದರೆ ಆಪರೇಷನ್ ಆದ ಮೇಲೂ ದಿನಕ್ಕೊಂದು ಗಂಟೆಯಾದರೂ ಅವಳಿಗೆ ಒಳ್ಳೆಯ ಉಸಿರು ಕೊಡಬಹುದು ಎಂಬುದು ನನ್ನ ಹಂಚಿಕೆ.

ನರ್ಸು ಪರದೆ ಸರಿಸಿಕೊಂಡು ಬಂದಳು. ಅಂಕಿ ಇನ್ನೂ ಎಂಬತ್ತೊಂಬತ್ತರಲ್ಲಿತ್ತು. ತಿರುಪು ನೋಡಿದಳು, ಮಗುವನ್ನು ನೋಡಿದಳು, ಆಮೇಲೆ ನನ್ನನ್ನು.

"ಅಜ್ಜಿ, ಏನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ? ಕಾಲು ತಣ್ಣಗಿತ್ತು, ಚೀಲ ಹಾಕಿದೆ. ಅದೂ ತಪ್ಪಾ?"

ಅವಳು ಇನ್ನೂ ಒಂದು ಗಳಿಗೆ ನನ್ನ ಕೈಗಳನ್ನೇ ನೋಡಿದಳು. ನಾನು ಕೈಗಳನ್ನು ಸೆರಗಿನೊಳಗೆ ಸೇರಿಸಿದೆ.

ಅಂದು ಆರೂವರೆಗೆ ನಮ್ಮನ್ನು ಕರೆಸಿದರು. ಮಗುವಿನ ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ, ಮೂತ್ರ ನಿಂತಿದೆ, ಗಂಟಲಿಗೆ ನಳಿಕೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕಿದ್ದೇವೆ ಎಂದರು. ಆಪರೇಷನ್ ಎರಡು ದಿನ ಮುಂದಕ್ಕೆ ಹೋಯಿತು. ಸೋಂಕಿಗೆ ಔಷಧ ಕೊಟ್ಟರು. ಯಾರನ್ನೂ ಒಳಗೆ ಬಿಡಲಿಲ್ಲ. ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ, ನನ್ನ ಮೇಲೆ. ಅರ್ಧ ಗಂಟೆ ಚೆನ್ನಾಗಿ ಉಸಿರಾಡಿದ ಮಗುವನ್ನು ಮತ್ತೆ ಬರೀ ಗಾಳಿಗೆ ಬಿಟ್ಟದ್ದರಿಂದಲೇ ಕೆಟ್ಟಿತು, ಇದೆಲ್ಲ ಆ ನರ್ಸಿನ ಪಾಪ ಎಂದೇ ತಿಳಿದೆ. ಎಂಟನೆಯ ದಿನ ಆಪರೇಷನ್ ಮಾಡಿದರು. ಒಂಬತ್ತನೆಯ ದಿನ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕುಳಿತರು.

ಮಗುವನ್ನು ಮಣ್ಣಿಗೆ ಒಪ್ಪಿಸಿ ಬಂದ ಮೂರನೆಯ ದಿನ ಅಳಿಯ ನನ್ನ ಪುಸ್ತಕ ಕೇಳಿ ತೆಗೆದುಕೊಂಡ. ಅದನ್ನು ಮುಂದಿಟ್ಟುಕೊಂಡು ಆಸ್ಪತ್ರೆಯ ಮೇಲಧಿಕಾರಿಗಳಿಗೆ ನಾಲ್ಕು ಪುಟದ ದೂರು ಬರೆದ. ಮಗುವಿಗೆ ಬೇಕೆಂದೇ ಆಕ್ಸಿಜನ್ ತಗ್ಗಿಸಿದ್ದಾರೆ, ನರ್ಸನ್ನು ಕೆಲಸದಿಂದ ತೆಗೆಯಬೇಕು ಎಂಬುದು ಅದರ ಸಾರ. "ಲಿಫ್ಟ್ ನಿಂತ್ರೂ ಅದರ ಪೆಟ್ಟಿಗೇಲಿ ಯಾವ ಹೊತ್ತಿಗೆ ಏನಾಯ್ತು ಅಂತ ಬಿದ್ದಿರುತ್ತೆ ಅತ್ತೆ. ಆ ಯಂತ್ರದಲ್ಲೂ ಇರುತ್ತೆ. ಅದನ್ನ ತೋರಿಸಲೇಬೇಕು ಅಂತ ಬರೆದಿದ್ದೀನಿ," ಎಂದ. ನಾನು ಹ್ಞೂಂ ಎಂದೆ.  ನಾನು ಉಸಿರು ಕೊಟ್ಟದ್ದು ಕಂಡರೆ ಕಾಣಲಿ, ಅವಳು ಕಿತ್ತುಕೊಂಡದ್ದೂ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಎರಡು ವಾರ ಕಳೆದು ಕರೆ ಬಂತು. ಆಸ್ಪತ್ರೆಯ ಎರಡನೆಯ ಮಹಡಿಯ ಕೋಣೆಯೊಂದರಲ್ಲಿ ಉದ್ದನೆಯ ಮೇಜು. ಒಂದು ಕಡೆ ಡಾಕ್ಟರು, ಅವರ ಪಕ್ಕದಲ್ಲಿ ನರ್ಸುಗಳ ಮೇಲ್ವಿಚಾರಕಿ. ಕೊನೆಯಲ್ಲಿ ಅವಳು. ದೂರು ಬಂದಂದಿನಿಂದ ಅವಳನ್ನು ವಾರ್ಡಿಗೆ ಬಿಟ್ಟಿರಲಿಲ್ಲವಂತೆ. ಮುಖ ಇಳಿದುಹೋಗಿತ್ತು. ಈ ಕಡೆ ನಾವು ಮೂವರು.

ಡಾಕ್ಟರು ಒಂದು ಉದ್ದನೆಯ ಕಾಗದ ಬಿಡಿಸಿದರು. ಅದರ ಮೇಲೆ ಗೆರೆಯೊಂದು ಸಣ್ಣಗೆ ನಡುಗುತ್ತ ಸಾಗಿ, ಒಂದು ಕಡೆ ಥಟ್ಟನೆ ಮೇಲಕ್ಕೆ ಎದ್ದಿತ್ತು.

"ನಾಲ್ಕು ಇಪ್ಪತ್ತಕ್ಕೆ ಏರಿದೆ," ಎಂದು ಅವರು ಬೆರಳಿಟ್ಟು ತೋರಿಸಿದರು. "ತೊಂಬತ್ತಾರರವರೆಗೆ ಹೋಗಿದೆ. ನಾಲ್ಕು ಐವತ್ತೈದಕ್ಕೆ ಇಳಿಯೋಕೆ ಶುರುವಾಗಿದೆ. ಅಷ್ಟರಲ್ಲಿ ಎರಡು ಸಲ ಯಂತ್ರದ ಕೂಗು ನಿಲ್ಲಿಸಿದ್ದಾರೆ. ಇದನ್ನ ನಾವು ಅವತ್ತೇ ನೋಡಬೇಕಾಗಿತ್ತು. ಆಗಿನ ಅಂಕಿ ನೋಡಿದ್ವಿ, ಹಿಂದಿನ ಗೆರೆ ನೋಡ್ಲಿಲ್ಲ. ಅದು ನಮ್ಮ ತಪ್ಪು, ಒಪ್ಕೋತೀನಿ."

"ಏರಿದ್ರೆ ಒಳ್ಳೇದೇ ಅಲ್ವಾ ಮೇಡಂ?" ಅಳಿಯ ಗೊಂದಲಕ್ಕೆ ಬಿದ್ದ. "ತಗ್ಗಿಸಿದ್ದಕ್ಕೆ ತಾನ್ರೀ ನಮ್ಮ ದೂರು?"

"ಬೇರೆ ಮಕ್ಕಳಿಗೆ ಒಳ್ಳೇದು. ನಿಮ್ಮ ಮಗೂಗೆ ಒಂದೇ ಪಂಪು ಅಂದಿದ್ದೆ, ನೆನಪಿದೆಯಾ? ಆ ಪಂಪಿಂದಲೇ ಶ್ವಾಸಕೋಶಕ್ಕೂ ರಕ್ತ ಹೋಗಬೇಕು, ಮೈಗೂ ಹೋಗಬೇಕು. ಆಕ್ಸಿಜನ್ ಜಾಸ್ತಿ ಕೊಟ್ರೆ ಶ್ವಾಸಕೋಶದ ದಾರಿ ಅಗಲವಾಗಿ ತೆರೆದುಕೊಳ್ಳುತ್ತೆ. ರಕ್ತ ಎಲ್ಲಾ ಅಲ್ಲಿಗೇ ನುಗ್ಗುತ್ತೆ. ನೋಡೋಕೆ ತುಟಿ ಕೆಂಪಗೆ ಚೆನ್ನಾಗಿ ಕಾಣುತ್ತೆ. ಮೈಗೆ ರಕ್ತ ಸಾಲಲ್ಲ. ಕೈಕಾಲು ತಣ್ಣಗಾಗುತ್ತೆ, ಮೂತ್ರ ನಿಲ್ಲುತ್ತೆ. ಅವತ್ತು ಆಗಿದ್ದು ಅದೇ."

ನನ್ನ ಅಂಗೈಯಲ್ಲಿ ಆ ಎರಡು ತಣ್ಣನೆಯ ಪಾದಗಳು ಮತ್ತೆ ಬಂದು ಕುಳಿತವು. 

ಅಳಿಯ ಎದ್ದು ನಿಂತಿದ್ದ. "ಹಾಗಾದ್ರೆ ಏರಿಸಿದ್ದು ಯಾರು?" ಎಂದು ನರ್ಸಿನ ಕಡೆ ತಿರುಗಿದ. "ನೀವೇ ಅಲ್ವಾ ಆ ಹೊತ್ತಿಗೆ ಡ್ಯೂಟೀಲಿ ಇದ್ದದ್ದು?"

"ನಾನು ಪಕ್ಕದ ಮಗು ಹತ್ರ ಇದ್ದೆ. ನಾನು ಮುಟ್ಟಿಲ್ಲ ಸರ್."

"ಕೂಗು ಎರಡು ಸಲ ನಿಲ್ಲಿಸಿದ್ದು ಯಾರು? ದೇವರು ಇಳಿದು ಬಂದು ಗುಂಡಿ ಒತ್ತಿದ್ನಾ? ಇದು ಗೊತ್ತಿರೋರ ಕೈ ಮೇಡಂ. ನಮ್ಮ ಲಿಫ್ಟಲ್ಲೂ ಅಷ್ಟೇ, ಗೊತ್ತಿಲ್ಲದವನು ಗುಂಡಿ ಹುಡುಕೋಕೇ ಅರ್ಧ ಗಂಟೆ ಬೇಕು."

ನರ್ಸು ಪಿಸುದನಿಯಲ್ಲೇ ಹೇಳಿದಳು. "ಅವತ್ತೇ ನಾನು ಅಜ್ಜೀನ ಕೇಳಿದ್ದೆ. ಮುಟ್ಟಿಲ್ಲ ಅಂದ್ರು."

"ಓಹೋ! ಈಗ ನಮ್ಮತ್ತೆ ತಲೆ ಮೇಲೆ ಹಾಕ್ತೀರಾ? ಪಾಪ, ಅವರು ನೆಲ ಒರೆಸಿ ಬಟ್ಟೆ ಒಗೆದು ಬದುಕಿದವರು. ನಿಮ್ಮ ಯಂತ್ರದ ಗುಂಡಿ ಅವರಿಗೇನ್ರೀ ಗೊತ್ತು?"

ಮೇಲ್ವಿಚಾರಕಿ ಏನೋ ಬರೆದುಕೊಂಡರು. "ಸಿಸ್ಟರ್, ಆ ಹೊತ್ತಲ್ಲಿ ನಿಮ್ಮನ್ನ ಪಕ್ಕದ ಹಾಸಿಗೆ ಹತ್ರ ನೋಡಿದೆ ಅನ್ನೋರು ಯಾರಾದ್ರೂ ಇದ್ದಾರಾ? ಮೂವತ್ತೈದು ನಿಮಿಷ ಪೂರ್ತಿ?" ಎಂದರು. ನರ್ಸು ತಲೆ ತಗ್ಗಿಸಿದಳು. ಪೂರ್ತಿ ಮೂವತ್ತೈದು ನಿಮಿಷ ಯಾರು ಯಾರನ್ನು ನೋಡುತ್ತ ಕುಳಿತಿರುತ್ತಾರೆ?

ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಏನೂ ಅರಿಯದ ಮುದುಕಿಯೆಂಬ ಹೊದಿಕೆಯನ್ನು ಅಳಿಯ ತಾನಾಗಿ ನನ್ನ ಮೇಲೆ ಹೊದಿಸಿದ್ದ. ಅದರೊಳಗೆ ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ. ಇಷ್ಟು ವರ್ಷ ಕೈಮುಗಿದು ನಿಂತ ದೇವರ ಮುಂದೆ ಇನ್ನು ಯಾವ ಮುಖ ಹೊತ್ತು ನಿಲ್ಲಲಿ ಎಂದೂ ಅನ್ನಿಸಿತು.  ಕೊನೆಗೆ ಮಾತು ಹೊರಬಿತ್ತು.

"ನಂಗೆ ಗೊತ್ತು."

"ಏನು ಗೊತ್ತು ಅತ್ತೆ?"

"ಗುಂಡಿ ಗೊತ್ತು. ಗಂಟೆ ಚಿತ್ರ ಇದೆ, ಅದಕ್ಕೆ ಅಡ್ಡಗೀಟು ಇದೆ. ಎರಡು ಸಲ ಒತ್ತಿದವಳು ನಾನು. ತಿರುಪನ್ನ ಎಪ್ಪತ್ತಕ್ಕಿಟ್ಟೆ. ಹೋಗುವಾಗ ಮತ್ತೆ ಇಪ್ಪತ್ತೊಂದಕ್ಕೆ ತಂದೆ. ಈ ನರ್ಸು ಹುಡುಗಿ ಏನೂ ಮಾಡಿಲ್ಲ. ಅವತ್ತೇ ನನ್ನನ್ನ ಕೇಳಿದ್ಳು. ನಾನು ಸುಳ್ಳು ಹೇಳಿದೆ."

ಎಪ್ಪತ್ತು ಎಂಬ ಅಂಕಿ ಯಾವ ಕಾಗದದಲ್ಲೂ ಇರಲಿಲ್ಲ, ತಿರುಗಿಸಿದವರಿಗೆ ಮಾತ್ರ ಗೊತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಳಿಯ ಕುರ್ಚಿಯ ಮೇಲೆ ಕುಸಿದ. ನನ್ನ ಮಗಳು ನನ್ನ ಕಡೆ ತಿರುಗಿದಳು.

"ಅವತ್ತು ಸಿಸ್ಟರ್ ಕೇಳಿದಾಗ ಯಾಕಮ್ಮಾ ಹೇಳ್ಲಿಲ್ಲ?"

"ನಾಳೆಯಿಂದ ಒಳಗೆ ಬಿಡಲ್ಲ ಅಂತ ಭಯ ಆಯ್ತು."

"ಅಷ್ಟೇನಾ?"

"ಅಷ್ಟೇ."

ಅವಳು ಎದ್ದು ಹೊರಗೆ ಹೋದಳು. ಬಾಗಿಲನ್ನು ಜೋರಾಗಿ ಹಾಕಲೂ ಇಲ್ಲ.

ನಾನು ಡಾಕ್ಟರನ್ನು ಕೇಳಿದೆ. ಜೀವಮಾನದಲ್ಲಿ ಒಬ್ಬ ಡಾಕ್ಟರನ್ನು ನಾನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. "ನನ್ನಿಂದಲೇ ಹೋಯ್ತಾ ಮಗು?"

ಅವರು ಗೆರೆಯಿದ್ದ ಆ ಕಾಗದವನ್ನು ಮಡಿಸಿಟ್ಟರು. "ಹೌದು ಅಂತ ಹೇಳೋಕೆ ನನ್ನಿಂದ ಆಗಲ್ಲ ಅಮ್ಮ. ಇಂಥಾ ಹೃದಯ ಇರೋ ಮಕ್ಕಳಲ್ಲಿ ಏನೂ ಆಗದೇ ಇದ್ರೂ ಕೆಲವರು ಆಪರೇಷನ್ ಆದ್ಮೇಲೆ ಉಳಿಯಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಆ ಸಾಯಂಕಾಲ ಮಗೂನ ಶಕ್ತಿ ಸೋರಿಹೋಯ್ತು. ಕಾರಣ ಆಗಲೇ ಗೊತ್ತಾಗಿದ್ರೆ ನಾವು ಸೋಂಕು ಹುಡುಕ್ತಾ ಕೂರ್ತಿರಲಿಲ್ಲ."

ಹೊರಗಿನ ಮೊಗಸಾಲೆಯಲ್ಲಿ ನರ್ಸು ಒಬ್ಬಳೇ ಕಿಟಕಿಯ ಬಳಿ ನಿಂತಿದ್ದಳು. ಹತ್ತಿರ ಹೋಗಿ ಕೈಮುಗಿದು, "ಕ್ಷಮಿಸಿಬಿಡಮ್ಮ," ಎಂದೆ.

"ಅವತ್ತು ಹೇಳಿದ್ದಿದ್ರೆ ನಿಮ್ಮನ್ನ ಬಯ್ತಿದ್ದೆ ಅಜ್ಜಿ," ಎಂದಳು ಅವಳು. ಆಗ ಪಿಸುಮಾತು ಇರಲಿಲ್ಲ. "ಬಯ್ದು, ಓಡಿಹೋಗಿ ಡಾಕ್ಟರಿಗೆ ಹೇಳ್ತಿದ್ದೆ. ಹದಿನೈದು ದಿನದಿಂದ ನಾನೇ ಏನೋ ಮರೆತು ಮಾಡಿಬಿಟ್ನೇನೋ ಅಂತ ನನ್ನ ಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು. ಕ್ಷಮಿಸೋಕೆ ಈಗ ಆಗಲ್ಲ ಅಜ್ಜಿ. ಹೋಗಿ, ನಿಮ್ಮ ಮಗಳು ಕೆಳಗೆ ಒಬ್ಬರೇ ಕೂತಿದ್ದಾರೆ."

ಅಳಿಯ ಅಂದೇ ದೂರನ್ನು ಹಿಂದಕ್ಕೆ ಪಡೆದ. ಅವಳು ಮತ್ತೆ ವಾರ್ಡಿಗೆ ಹೋಗುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಅಳಿಯ ನನ್ನ ಮಾತ್ರೆಗಳನ್ನು ತಪ್ಪದೆ ತಂದುಕೊಡುತ್ತಾನೆ, ಮಾತು ಮಾತ್ರ ಕಡಿಮೆ. ಮಗಳು ಊಟಕ್ಕೆ ಕರೆಯುತ್ತಾಳೆ. ಆದರೆ ನಾನು ಒಲೆ ಆರಿಸಿ ಬಂದರೆ ಹೋಗಿ ಒಮ್ಮೆ ನೋಡಿ ಬರುತ್ತಾಳೆ. ನಲ್ಲಿ ನಿಲ್ಲಿಸಿದರೆ ಮತ್ತೆ ತಿರುಗಿಸಿ ನೋಡುತ್ತಾಳೆ. ನನ್ನ ಕೈ ಎಲ್ಲಿಗೆ ಹೋದರೂ ಅವಳ ಕಣ್ಣು ಅಲ್ಲಿಗೆ ಹೋಗುತ್ತದೆ. ನಾನು ಬೇಸರ ಪಡುವುದಿಲ್ಲ. ಹಾಗೆ ನೋಡುವ ಹಕ್ಕು ಅವಳಿಗಿದೆ. ನಿನ್ನೆ ಹಾಗೆ ನೋಡಿ ಹಿಂತಿರುಗುವಾಗ ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಎದ್ದು ಹೋದಳು.

ಬೆಳಿಗ್ಗೆ ಸ್ನಾನ ಮಾಡಿ ಕೈಮುಗಿದು ನಿಂತಾಗ ಮೊದಲೆಲ್ಲ ಬೇಡುವುದು ಬಹಳವಿರುತ್ತಿತ್ತು. ಈಗ ಒಂದೇ ಇದೆ.

ಭಗವಂತ, ಆ ಕೂಸು ಈ ಲೋಕದಲ್ಲಿ ಕಂಡದ್ದು ಒಂಬತ್ತೇ ದಿನ. ಆ ದಿನಗಳಲ್ಲಿ ತಾಯಿಯ ತೋಳಿಗಿಂತ ಸೂಜಿಯನ್ನೇ ಹೆಚ್ಚು ಕಂಡಿತು. ಅದರ ಮೈಯನ್ನು ಇನ್ನು ಯಾವ ನೋವೂ ಮುಟ್ಟದಿರಲಿ. ಅದರ ಬಳಿ ಬರುವವರೆಲ್ಲ ಅರಿತವರೇ ಆಗಿರಲಿ. ನನ್ನನ್ನು ನೀನು ಏನು ಮಾಡಬೇಕೆಂದಿರುವೆಯೋ ಹಾಗೆ ಮಾಡು. ಆ ಜೀವವನ್ನು ಮಾತ್ರ ನಿನ್ನ ಮಡಿಲಲ್ಲಿ ಬೆಚ್ಚಗೆ ಮಲಗಿಸಿಕೋ. ಅದಕ್ಕೆ ಶಾಂತಿ ಸಿಗಲಿ.